ದೇವರಲ್ಲದ ನಡುಕ

ಹೊನವಾಡದಾಗ ಯಲಗೂರಪ್ಪಗ ಯಾರರೆ ಕುಡುಕ ಅಂದರ ಅವಾ ಒಂದ ಮಾತಿನಾಗ ಅವರ ಬಾಯಿ ಮುಚ್ಚಸತಿದ್ದ. ಅಲಾಯಿ ಹಬ್ಬ ಮುಗಿಯೂತನ ನಾ ಹನಿ ಮುಟ್ಟತೇನೇನು, ಮನಸ್ಸ ಮಾಡಿದರ ಯಾವಾಗ ಬೇಕಾದರೂ ಬಿಡತೇನಿ ಅಂತಿದ್ದ. ಮಾತೇನೋ ಖರೇನ. ಮೊಹರಂ ಬಂತಂದರ ಮಸೂತಿಯೊಳಗಿನ ಪಂಜಾ, ಆ ಬೆಳ್ಳಿ ಹಸ್ತದ ದೇವರನ್ನ, ಹೊರುವವಾ ಅವನ. ಅವನ ಅಪ್ಪ ಹೊತ್ತಿದ್ದ, ಮುತ್ತ್ಯಾನೂ ಹೊತ್ತಿದ್ದ. ಯಲಗೂರಪ್ಪನ ಮನಿತನ ಹೊರೂದು, ಮುಜಾವರ ಮೌಲಾಸಾಬ ಊದು ಹಾಕೂದು, ಊರೆಲ್ಲಾ ಬೆನ್ನಿಂದ ನಡಿಯೂದು. ಇದು ಯಾವ ಕಾಲದಿಂದ ಬಂದೈತೋ ಯಾರಿಗೆ ಗೊತ್ತು. ಪಂಜಾ ಹೊರುವವಾ ಹಬ್ಬದಾಗ ಮಡಿಲೆ ಇರಬೇಕು, ಸರಾಯಿ ವಾಸನಿ ಸುದ್ದಾ ತಗೋಬಾರದು. ಅವಾ ಹಾಂಗ ಇರತಿದ್ದ. ಹಬ್ಬ ಮುಗಿದ ಸಂಜೀಕ ಸರಾಯಿ ಅಂಗಡಿ ಮುಂದ ಎಲ್ಲಾರಕಿಂತ ಮೊದಲ ನಿಂತಿರತಿದ್ದ. ಆ ಸುದ್ದಿ ಮಾತ್ರ ಅವಾ ಎತ್ತತಿರಲಿಲ್ಲ ನೋಡ್ರಿ.

ಎಮರ್ಜೆನ್ಸಿ ಇದ್ದ ಆ ವರುಷ ಹಬ್ಬ ಥಂಡಿ ದಿನದಾಗ ಬಂತು. ಹೊಲದಾಗ ಬಿಳಿಜ್ವಾಳ ತೆನಿ ಕಟ್ಟಿತ್ತು. ಅಷ್ಟರಾಗ ಯಲಗೂರಪ್ಪನ ಕುಡತ ಸಂಜೀದು ಮಧ್ಯಾಹ್ನಕ್ಕ ಬಂದು, ಮಧ್ಯಾಹ್ನದ್ದು ಮುಂಜಾನಿಗೆ ಬಂದು ಕುಂತಿತ್ತು. ಹಬ್ಬ ಹತ್ತಿತು, ಕುಡಿಯೂದು ಬಿಟ್ಟ. ಮರುದಿವಸ ಮುಂಜಾನೆ ಹೆಂಡತಿ ಭೀಮಾಬಾಯಿ ಚಹಾ ಕೊಟ್ಟರ ಬಸಿ ಕೈಯಾಗ ನಿಲ್ಲವಲ್ಲದು. ಅರ್ಧಾ ಚಹಾ ಧೋತರದ ಮ್ಯಾಲ ಚೆಲ್ಲಿತು. ಥಂಡಿ ಭಾಳ ಐತಿ ಅಂದ. ಥಂಡಿಯಾದವನ ಹಣಿ ಮ್ಯಾಲ ಬೆವರು ಯಾಕ ಅಂತ ಭೀಮಾಬಾಯಿ ಕೇಳಲಿಲ್ಲ, ಸೆರಗಿಲೆ ಒರಸಿದಳು. ಅದರ ಮರುದಿವಸ ಗ್ವಾಡಿ ತುಂಬ ಇರಿವಿ ಹರದಾಡಿಧಂಗ ಕಾಣಾಕ ಹತ್ತಿತು. ಮುಟ್ಟಿ ನೋಡಿದರ ಒಂದೂ ಇಲ್ಲ. ಮಾರಿ ತೊಳಕೊಂಡು ಹಾಂಗ ಮಸೂತಿಗೆ ಹ್ವಾದ.

ಅವತ್ತ ಮುಂಜಾನೆ ದೇವರ ಸವಾರಿ ಹೊಂಟಿತು. ಹಲಿಗಿ ಬಾರಸಾಕತ್ತಿದ್ದರು, ಊದಿನ ಹೊಗಿ ಓಣಿ ತುಂಬಿತ್ತು. ಮೌಲಾಸಾಬ ಪಂಜಾ ಎತ್ತಿ ಯಲಗೂರಪ್ಪನ ಕೈಯಾಗ ಇಟ್ಟನೋ ಇಲ್ಲೋ, ಕೈ ನಡಗಿತು, ಮೊಣಕಾಲ ನಡಗಿತು, ಹಲ್ಲಿಗೆ ಹಲ್ಲ ಬಡೀತು. ಪಂಜಾಕ್ಕ ಕಟ್ಟಿದ್ದ ಗೆಜ್ಜಿ ಗಲಗಲ ಅಂದವು. ಮಂದಿ ಏನಂದೀತು ಹೇಳ್ರಿ? ದೇವರು ಬಂತು, ದೇವರು ಬಂತು ಅಂದಿತು. ಪಂಜಾ ಹೊತ್ತವಾ ನಡಗಿದರ ನಮ್ಮ ಕಡೆ ಮತ್ತೇನ ತಿಳಕೋತಾರ? ಹೆಣ್ಣಮಕ್ಕಳು ಬಿಂದಿಗಿ ತಂದು ಕಾಲಿಗೆ ನೀರ ಹಾಕಿದರು, ಮುದುಕರು ಅಡ್ಡಬಿದ್ದರು. ಯಲಗೂರಪ್ಪಗ ಮೊದಲ ಹೆದರಿಕಿ ಆತು, ಆಮ್ಯಾಲ ಜೀವ ಹಗುರಾತು. ಹೋಗೂ ಮಾನ ಉಳೀತು, ಇನ್ನ ಯಾರಿಗೂ ತಿಳಿಯೂದಿಲ್ಲ ಅಂದುಕೊಂಡ. ಸಣ್ಣಾಂವ ಇದ್ದಾಗ ಒಮ್ಮೊಮ್ಮೆ ಖರೇನ ಮೈ ತುಂಬಿ ಬಂದದ್ದು ಅವನಿಗೆ ನೆನಪಿತ್ತು. ಇದು ಅದಲ್ಲ. ಇದಕ್ಕ ಒಂದ ಗುಟುಕು ಸರಾಯಿ ಹಾಕಿದರ ಇಲ್ಲೇ ನಿಲ್ಲತೈತಿ ಅಂತ ಅವನಿಗೆ ಚೊಲೋತ್ನಂಗ ಗೊತ್ತಿತ್ತು.

ಅಷ್ಟರಾಗ ಸೀತವ್ವ ಮಂದಿ ಸರಿಸಿಕೊಂಡು ಬಂದಳು. ಬಗಲಾಗ ಕೂಸು. ವಾಂತಿ, ಭೇದಿ ಹತ್ತಿ ಕೂಸಿನ ಕಣ್ಣು ಒಳಗ ಹೋಗಿದ್ದವು, ಅಳಾಕೂ ತ್ರಾಣ ಇರಲಿಲ್ಲ. ದೇವರ ಅಪ್ಪಣಿ ಆಗೂತನ ಕೂಸು ಊರ ದಾಟಬಾರದು ಅಂತ ಅತ್ತಿ ಹಟಾ ಹಿಡದಿದ್ದಳಂತ. ಅಕಿ ಕೂಸಿನ್ನ ಅವನ ಕಾಲಾಗ ಇಟ್ಟು ಕೇಳಿದಳು:

"ಯಪ್ಪಾ, ಬಿಜಾಪುರದ ದವಾಖಾನಿಗೆ ಒಯ್ಯಲೋ, ನಿನ್ನ ಊದಿನ ಬೂದಿ ಹಚ್ಚಿ ಮನ್ಯಾಗ ಇಟಗೊಳ್ಳಲೋ? ನೀ ಹೇಳಿಧಂಗ ಮಾಡತೇನಿ."

ಹಲಿಗಿ ನಿಂತವು. ಊರಿಗೂರ ಅವನ ಬಾಯಿ ನೋಡಾಕತ್ತಿತು. ದವಾಖಾನಿಗೆ ಒಯ್ಯಿ ಅಂತ ದೇವರ ದನಿಲೆ ಅಂದಬಿಟ್ಟಿದ್ದರ ನಡೀತಿತ್ತು. ಕೂಸೂ ಉಳಿಯೂದು, ಮಾನಾನೂ ಉಳಿಯೂದು. ಹಾಂಗ ಅನ್ನಾಕ ಬಾಯಿ ತೆರದ. ಆದರ ಕೂಸಿನ ಮಾರಿ ಮ್ಯಾಲೂ ಇರಿವಿ ಹರದಾಡಾಕತ್ತಿದ್ದವು ಅವನಿಗೆ. ಕಣ್ಣು ಒರಸಿಕೊಂಡರೂ ಹೋಗಲಿಲ್ಲ. ನಾಳೆ ಮತ್ತೊಬ್ಬಾಕಿ ಬರತಾಳ, ನಾಡದ ಇನ್ನೊಬ್ಬಾಕಿ, ಆವಾಗ ಇಲ್ಲದ ಇರಿವಿ ಕಾಣೂ ಈ ತಲಿಲೆ ಏನ ಹೇಳಲಿ ಅಂತ ಅವನಿಗೆ ಅನಿಸಿತು.

"ಯವ್ವಾ, ನನ್ನ ಮೈಮ್ಯಾಲ ದೇವರು ಬಂದಿಲ್ಲ," ಅಂದ. "ಸರಾಯಿ ಸಿಗಲಾರದಕ್ಕ ಮೈ ನಡಗಾಕತ್ತೈತಿ. ಕೂಸಿನ್ನ ಈಗಿಂದೀಗ ದವಾಖಾನಿಗೆ ಒಯ್ಯಿ. ಮೌಲಾಸಾಬ ಕಾಕಾ, ಪಂಜಾ ಹಿಡೀರಿ, ನನ್ನನ್ನೂ ಅಲ್ಲಿಗೇ ಒಯ್ಯಿರಿ. ಮನ್ಯಾಗಿದ್ದರ ಸಂಜಿ ಆಗೂದರಾಗ ನಾ ಕುಡೀತೇನಿ."

ಯಾರೋ ಒಬ್ಬಾಂವ ಥೂ ಅಂತ ಉಗುಳಿದ. ಕಲ್ಲು ಬೀಳತಾವ ಅಂತ ಯಲಗೂರಪ್ಪ ಕುತ್ತಿಗಿ ಬಗ್ಗಿಸಿ ನಿಂತ. ಬೀಳಲಿಲ್ಲ. ಮೌಲಾಸಾಬ ಪಂಜಾ ತಗೊಂಡು ಯಲಗೂರಪ್ಪನ ಕಾಕಾನ ಮಗ ಭಾಗಪ್ಪನ ಕೈಯಾಗ ಕೊಟ್ಟ, ತನ್ನ ಶಾಲು ತಗದು ಯಲಗೂರಪ್ಪನ ಮೈಮ್ಯಾಲ ಹೊದಿಸಿದ, ಬಸ್ಸಿಗೆ ಹೊತ್ತಾತು ನಡಿ ಅಂದ. ಅಷ್ಟ ಅಂದ. ಹೆತ್ತವ್ವ ಹೊದಿಸಿದರೂ ಅಷ್ಟು ಬೆಚ್ಚಗ ಆಗತಿರಲಿಲ್ಲ. ಬಸ್ಸು ನಡುವಿನ ಟಿಕೋಟಾ ಊರು ದಾಟೂತನ ಯಲಗೂರಪ್ಪ ಆ ಶಾಲಿನಾಗ ಮಾರಿ ಮುಚ್ಚಿಕೊಂಡು ಅತ್ತ. ಒಂದ ಬಾಜೂಕ ಭೀಮಾಬಾಯಿ ಕುಂತಿದ್ದಳು, ಮುಂದಿನ ಸೀಟಿನಾಗ ಸೀತವ್ವ ಕೂಸಿನ ಬಾಯಿಗೆ ನೀರ ಹನಸಾಕತ್ತಿದ್ದಳು.

ದವಾಖಾನ್ಯಾಗ ಇಬ್ಬರಿಗೂ ಸಲಾಯಿನ್ ಹಚ್ಚಿದರು. ಇನ್ನಷ್ಟು ತಡಾ ಮಾಡಿದ್ದರ ಕೂಸು ಕೈಗೆ ಸಿಗತಿರಲಿಲ್ಲ ಅಂತ ಡಾಕ್ಟರಬಾಯಿ ಹೇಳಿದಳು. ಈ ನಡುಕಿನಾಗ ಜೀವ ಹೋದವರೂ ಅದಾರ, ನಿನ್ನ ಪುಣ್ಯಾ ದೊಡ್ಡದು ಅಂತ ಇವನಿಗೂ ಅಂದಳು. ಆಮ್ಯಾಲ ಇನ್ನೊಂದು ಮಾತು ಅಂದಳು: ಇಲ್ಲಿ ನಡುಕ ಅಷ್ಟ ಇಳಿಸತೇವಿ, ಚಟಾ ಬಿಡಬೇಕಂದರ ಧಾರವಾಡದ ದವಾಖಾನ್ಯಾಗ ಭಾಳ ದಿವಸ ಇರಬೇಕಾಗತೈತಿ. ಧಾರವಾಡ ಅಂದರ ನಮ್ಮ ಮಂದಿಗೆ ಒಂದ ಅರ್ಥ, ಹುಚ್ಚರನ್ನ ಇಡೂ ಜಾಗಾ. ವಿಚಾರ ಮಾಡಿ ಹೇಳತೇನ್ರಿ ಅಂದ ಯಲಗೂರಪ್ಪ.

ನಡುಕ ಇಳೀತು, ಇರಿವಿ ಹ್ವಾದವು. ಇಳಿದ ಕೂಡಲೆ ಅವನ ಹಳೇ ಮಾತು ತಿರುಗಿ ಬಾಯಿಗೆ ಬಂತು. ಈಗ ಆರಾಮ ಆಗೇನಿ, ಊರಿಗೆ ಹೋಗೂಣು, ಮನಸ್ಸ ಮಾಡಿದರ ನಾನ ಬಿಡತೇನಿ ಅಂತ ಭೀಮಾಬಾಯಿ ಮುಂದ ಅಂದ. 

ಹಬ್ಬದ ಕಡೀ ದಿನ, ದೇವರು ಹೊಳಿಗೆ ಹೋಗೂ ದಿವಸ, ಸೀತವ್ವ ಕೂಸಿನ್ನ ಎತಗೊಂಡು ಅವನ ಮಂಚದ ಕಡೆ ಬಂದಳು. ಅವರಿಗೆ ಊರಿಗೆ ಹೋಗಾಕ ಬಿಟ್ಟಿದ್ದರು. ಕೂಸು ಬಿಸ್ಕೀಟ ಚೀಪಾಕತ್ತಿತ್ತು. ಅಕಿ ಬಗ್ಗಿ ಅವನ ಕಾಲ ಮುಟ್ಟಿದಳು. ಅವಾ ಕಾಲ ಹಿಂದಕ್ಕ ಎಳಕೊಂಡ, ನಾ ದೇವರಲ್ಲ ಅಂತ ಅವತ್ತ ಹೇಳಿದೆನಲ್ಲಬೇ ಅಂದ.

"ನೀ ಏನ ಅನ್ನು ಯಣ್ಣಾ," ಅಂದಳು ಸೀತವ್ವ. "ಅಷ್ಟು ಮಂದಿ ಮುಂದ ನಿನ್ನ ಮಾನಾ ಬಿಟ್ಟು ನನ್ನ ಕೂಸಿನ್ನ ಉಳಿಸಿದಿ. ಅದು ಒಬ್ಬ ಮನಿಷ್ಯಾನ ಕೈಯಾಗ ಆಗೂದಲ್ಲ. ಅವತ್ತ ನಿನ್ನ ಮೈಮ್ಯಾಲ ದೇವರು ಬಂದಿತ್ತು. ನಿನ್ನ ಹೊಟ್ಟಿ ತಣ್ಣಗಿರಲಿ."

ಅಕಿ ಹ್ವಾದ ಮ್ಯಾಲ ಯಲಗೂರಪ್ಪ ಹೊದ್ದ ಶಾಲು ತಗದು ತೊಡಿ ಮ್ಯಾಲ ಮಡಚಿ ಇಟಗೊಂಡ. ಅಷ್ಟು ದೊಡ್ಡ ಮನಸ್ಸು ತಂದು ತನಗ ಯಾಕ ಕೊಟ್ಟರೋ ಈ ಮಂದಿ, ಮೌಲಾಸಾಬನ ಶಾಲು, ಈಕಿ ಮಾತು, ಬಾಯಿಬಿಟ್ಟು ಒಂದೂ ಕೇಳದ ಬಾಜೂಕ ಕುಂತ ಹೆಂಡತಿ. ಇದನ್ನೆಲ್ಲಾ ಸರಾಯಿ ಅಂಗಡ್ಯಾಗ ಒಯ್ದು ಚೆಲ್ಲೂದ ಹೆಂಗ ಅಂತ ಅವನ ಕಣ್ಣಾಗ ನೀರ ಬಂದವು.

"ಭೀಮಾ," ಅಂದ, "ಊರಿಗೆ ಹೋಗಿ ನನ್ನ ಕಂಬಳಿ ತಂದಕೊಡು. ಧಾರವಾಡದಾಗ ಥಂಡಿ ಭಾಳ ಅಂತ."