ಸಾವಿಗೆ ಬಾರದ ರಾಜಾಮಣಿ

ಕಾಶಿಗೆ ಹೋದ ಅವ್ವೆ ಕಾಶಿಗೆ ಹೋಗಿಯೇ ಇಲ್ಲ ಎಂಬ ಸುದ್ದಿ ಮಗಳು ಜನನಿಗೆ ಸಿಕ್ಕಿದ್ದು ಕೋತಗಿರಿಯ ಬಸ್ ಸ್ಟ್ಯಾಂಡಿನಲ್ಲಿ, ಬಾಯಲ್ಲಿ ವರ್ಕಿ ಬಿಸ್ಕತ್ತು ಇಟ್ಟುಕೊಂಡಿದ್ದಾಗ. ಹೆಂಗಸರನ್ನು ಯಾತ್ರೆಗೆ ಕರೆದೊಯ್ಯುವ ಕಲೈಸೆಲ್ವಿ ಕಾಶಿಯಿಂದ ಫೋನ್ ಮಾಡಿದ್ದಳು.

"ನಿಮ್ಮವ್ವೆಗೆ ಮೊಣಕಾಲು ನೋವು ಹೇಗಿದೆ ಟೀಚರ್? ಅವರೂ ಬಂದಿದ್ದರೆ ಚೆನ್ನಾಗಿತ್ತು. ಗಂಗೆ ನೀರು ಒಂದು ತಂಬಿಗೆ ತರಲಾ?"

ವರ್ಕಿ ಗಂಟಲಲ್ಲೇ ನಿಂತಿತು. ಐದು ದಿನದ ಹಿಂದೆ ತಾನೇ ಕೈಯಾರೆ ಅವ್ವೆಯನ್ನು ಮೇಟ್ಟುಪಾಳ್ಯದ ಬಸ್ಸಿಗೆ ಹತ್ತಿಸಿ, ಕಿಟಕಿಯಿಂದ ಮಾತ್ರೆಯ ಡಬ್ಬಿ ಕೊಟ್ಟು, "ಗುಂಪು ಬಿಟ್ಟು ಎಲ್ಲೂ ಹೋಗಬೇಡ" ಎಂದು ನೂರು ಸಲ ಹೇಳಿ ಕಳಿಸಿದ್ದಳು. ಐವತ್ತೆಂಟು ವರ್ಷದ ಹೆಂಗಸು ಗಾಳಿಯಲ್ಲಿ ಕರಗಿಹೋಗುತ್ತಾಳೆಯೇ? ಮನೆಗೆ ಹೋಗುವ ಕಟ್ಟಬೆಟ್ಟು ಬಸ್ಸು ಬಂತು, ಹೋಯಿತು, ಅವಳು ಹತ್ತಲಿಲ್ಲ. ಅಲ್ಲೇ ಸಿಮೆಂಟು ಬೆಂಚಿನ ಮೇಲೆ ಕುಸಿದು ಕೂತು ಅವ್ವೆಗೆ ವಿಡಿಯೋ ಕಾಲ್ ಹಾಕಿದಳು.

ಎರಡನೆಯ ರಿಂಗಿಗೇ ರಾಜಾಮಣಿ ಎತ್ತಿದಳು. ಜನ್ಮದಲ್ಲಿ ಬಿಳಿ ಬಟ್ಟೆ ಬಿಟ್ಟು ಬೇರೆ ಏನನ್ನೂ ತಲೆಗೆ ಕಟ್ಟದ ಅವ್ವೆಯ ತಲೆಯ ಮೇಲೆ ಕೆಂಪು ಉಣ್ಣೆಯ ಟೋಪಿ ಇತ್ತು. ಹಿಂದೆ ಒಂದರ ಮೇಲೊಂದು ಮಂಚ, ಮೇಲಿನ ಮಂಚದಿಂದ ಯಾರದೋ ಬಿಳಿ ಕಾಲು ಜೋತಾಡುತ್ತಿತ್ತು.

"ಮೆಲ್ಲಗೆ ಮಾತಾಡು. ಇಲ್ಲಿ ಇನ್ನೂ ಬೆಳಗಾಗ್ತಾ ಇದೆ, ಏಳು ಜನ ಮಲಗಿದ್ದಾರೆ" ಎಂದಳು ಅವ್ವೆ.

"ಎಲ್ಲಿದ್ದಿ ನೀ?"

"ಪೆರು. ಕುಸ್ಕೊ ಅಂತ ಒಂದು ಊರು."

ಜನನಿ ಶಾಲೆಯಲ್ಲಿ ಭೂಗೋಳ ಪಾಠ ಮಾಡುವವಳು. ದಕ್ಷಿಣ ಅಮೆರಿಕದ ನಕ್ಷೆಯ ಮೇಲೆ ಹನ್ನೊಂದು ವರ್ಷದಿಂದ ಕೋಲು ಆಡಿಸಿದವಳು, ತಾನು ಕೊಯಮತ್ತೂರು ದಾಟಿದ್ದು ಎರಡೇ ಸಲ. ಈಗ ಅವಳ ತಾಯಿ ಆ ನಕ್ಷೆಯೊಳಗೆ ಹೋಗಿ ಟೋಪಿ ಹಾಕಿಕೊಂಡು ಕೂತಿದ್ದಾಳೆ! ಸಿಟ್ಟು ಬಂತು, ಅಳು ಬಂತು, ಯಾವುದು ಮೊದಲು ಬಂತೆಂದು ಅವಳಿಗೇ ತಿಳಿಯಲಿಲ್ಲ.

ರಾಜಾಮಣಿ ಎಲ್ಲ ಒಪ್ಪಿಕೊಂಡಳು. ಕೋತಗಿರಿಯ ಹೋಂಸ್ಟೇಯಲ್ಲಿ ಒಂಬತ್ತು ವರ್ಷ ಹಾಸಿಗೆ ಮಡಚುವ ಕೆಲಸ ಮಾಡಿದ್ದಳಲ್ಲ, ಬೆನ್ನಿಗೊಂದು ಚೀಲ ಹಾಕಿಕೊಂಡು ಒಬ್ಬೊಬ್ಬರೇ ಬರುತ್ತಿದ್ದ ಹುಡುಗಿಯರಿಂದ ಎಲ್ಲ ಕಲಿತಿದ್ದಳು. ಯಾವ ಕಾಲದಲ್ಲಿ ಟಿಕೆಟು ಅಗ್ಗ, ಎಂಟು ಮಂಚದ ಕೋಣೆ ಎಂದರೇನು, ಬೀಗ ಯಾಕೆ ಒಯ್ಯಬೇಕು, ಇಂಥವು. ಈಚೆಗೆ ಗೂಡಲೂರಿನಲ್ಲಿ ಮದುವೆಯೆಂದು ಹೇಳಿ ಹೊರಟವಳು ಹೋದದ್ದು ದೆಹಲಿಗೆ, ವೀಸಾಕ್ಕೆ. ಜನನಿಯೇ ಆ ಮದುವೆಗೆಂದು ಸ್ಟೀಲ್ ಡಬ್ಬಿಯ ಸೆಟ್ಟು ಕಟ್ಟಿಕೊಟ್ಟಿದ್ದಳು.

"ಯಾಕವ್ವೆ? ನಿನಗೇನು ಕಡಿಮೆಯಾಗಿತ್ತು?"

ಅವ್ವೆ ಹೇಳಿದಳು: "ನಾ ಬಸ್ಸು ಹತ್ತಿದ್ದೆಲ್ಲ ಸಾವಿಗೆ ಹೋಗೋಕೆ ಜನನಿ. ಲೆಕ್ಕ ಹಾಕಿ ನೋಡು. ಯಾವ ಹಟ್ಟಿಯಲ್ಲಿ ಯಾರು ಹೋದರೂ ಬಿಳಿ ಮುಂಡು ಸುತ್ತಿಕೊಂಡು ಓಡಿದೆ. ಮೂವತ್ತೆಂಟು ವರ್ಷ. ನಾ ನೋಡಿದ ಊರೆಲ್ಲ ಹೆಣ ಇಟ್ಟ ಊರೇ. ಯಾರೂ ಸಾಯದ ಒಂದು ಊರಿಗೆ ಒಂದು ಸಲ ಹೋಗಬೇಕು ಅನ್ನಿಸಿತು."

ಅವ್ವೆ ಹೇಳಿದ್ದು ಸುಳ್ಳಲ್ಲ. ನೀಲಗಿರಿಯ ಬಡಗರ ಹಟ್ಟಿಗಳಲ್ಲಿ ಮದುವೆ ತಪ್ಪಿಸಿದರೆ ಕ್ಷಮೆಯುಂಟು, ಸಾವು ತಪ್ಪಿಸಿದರೆ ಇಲ್ಲ. ರಾಜಾಮಣಿಯಂತೂ ಜ್ವರ ಬಂದಾಗಲೂ ತಪ್ಪಿಸಿದವಳಲ್ಲ. ಗಂಡನ ಸಾವಿನ ಮೂರನೆಯ ವಾರಕ್ಕೇ ಯಾರದೋ ಚಿಕ್ಕಪ್ಪನ ಸಾವಿಗೆ ಮೊದಲ ಬಸ್ಸಿಗೆ ಹೊರಟಿದ್ದಳು.

"ಒಂದು ಮಾತು ಕೊಡು" ಎಂದಳು ಅವ್ವೆ. "ಇನ್ನು ಇಪ್ಪತ್ತೈದು ದಿನ ಯಾರು ಸತ್ತರೂ ನನಗೆ ಹೇಳಬೇಡ. ಊರಲ್ಲಿ ಕೇಳಿದರೆ ಕಾಶಿ ಅನ್ನು."

ಜನನಿ ಮಾತು ಕೊಟ್ಟಳು. ಅಷ್ಟು ದಿನದಲ್ಲಿ ಯಾರು ಸಾಯುತ್ತಾರೆ, ಸತ್ತರೂ ದೂರದವರು ಇರಬಹುದು ಎಂದುಕೊಂಡಳು. ಹಾಗೆಂದುಕೊಳ್ಳದೆ ಬೇರೆ ದಾರಿಯೂ ಇರಲಿಲ್ಲ.

ಆಮೇಲೆ ದಿನಕ್ಕೊಂದು ಫೋಟೋ ಬಂತು. ಚೀಲದ ಪಟ್ಟಿಯನ್ನು ಹೊರೆಯಂತೆ ಹಣೆಗೆ ಸಿಕ್ಕಿಸಿಕೊಂಡು ಬೆಟ್ಟ ಹತ್ತುತ್ತಿದ್ದ ಅವ್ವೆ. ಸಂತೆಯಲ್ಲಿ ನೆಲದ ಮೇಲೆ ಕೂತು ಬೇಯಿಸಿದ ಆಲೂಗಡ್ಡೆಗೆ ಉಪ್ಪು ಹಚ್ಚಿಕೊಂಡು ಊಟ ಮುಗಿಸುತ್ತಿದ್ದ ಅವ್ವೆ. ರೂಮಿನ ಬಾಡಿಗೆ ಉಳಿಸಲು ಬಸ್ಸಿನಲ್ಲೇ ಮಲಗುತ್ತಾಳಂತೆ. ಅಲ್ಲಿನ ಮುದುಕಿಯರಿಗೆ ಇಂಗ್ಲಿಷ್ ಬರುವುದಿಲ್ಲವೆಂದು ಇವಳು ಬಡಗು ಭಾಷೆಯಲ್ಲೇ ಚೌಕಾಸಿ ಮಾಡುತ್ತಾಳಂತೆ, ನಡೆಯುತ್ತದಂತೆ. "ಇಲ್ಲಿ ಟೀ ಅಂದರೆ ಎಲೆ ಹಂಗೇ ಬಿಸಿನೀರಿಗೆ ಹಾಕಿ ಕೊಡ್ತಾರೆ, ಟೀ ಫ್ಯಾಕ್ಟರಿಯೇ ಬೇಡ" ಎಂದು ಬರೆದಿದ್ದಳು. ಜನನಿ ಹಲ್ಲು ಕಚ್ಚಿಕೊಂಡೇ ನಗುತ್ತಿದ್ದಳು.

ಮಾತು ಕೊಟ್ಟ ಹದಿನೇಳನೆಯ ದಿನ ಬೆಳಗ್ಗೆ ಹುಬ್ಬತಲೈ ಹಟ್ಟಿಯಿಂದ ಸುದ್ದಿ ಬಂತು. ಅವ್ವೆಯ ಒಡಹುಟ್ಟಿದ ಒಬ್ಬಳೇ ಅಕ್ಕ, ನಂಜಿ ದೊಡ್ಡವ್ವೆ, ತೀರಿಕೊಂಡಿದ್ದಳು. ಎರಡು ತಿಂಗಳಿಂದ ಹಾಸಿಗೆ ಹಿಡಿದಿದ್ದಳು ನಿಜ, ಆದರೆ ಮೊನ್ನೆ ಮೊನ್ನೆ ಎದ್ದು ಕೂತು ಗಂಜಿ ಕುಡಿದಿದ್ದಳು. ದೊಡ್ಡವ್ವೆ ಹೋದ ದುಃಖ ಒಂದು ಕಡೆಗಿರಲಿ, ಫೋನು ಜನನಿಯ ಕೈಯಲ್ಲಿ ಕೆಂಡವಾಯಿತು. ಹೇಳಿದರೆ ಕೊಟ್ಟ ಮಾತು ಹೋಯಿತು. ಅವ್ವೆ ಅಲ್ಲಿಂದ ಬಿದ್ದೆದ್ದು ಹೊರಟರೂ ಮೂರು ದಿನ ಬೇಕು, ಮಣ್ಣು ಮಾಡುವುದು ಇವತ್ತೇ. ಹೇಳದಿದ್ದರೆ ಒಡಹುಟ್ಟಿದ ಅಕ್ಕನ ಸಾವಿಗೆ ಹೊರಡಲೂ ಇಲ್ಲವೆಂದು ಅವ್ವೆಗೆ ಸಾಯುವ ತನಕ ಯಾವ ಹಟ್ಟಿಯಲ್ಲೂ ಮುಖ ಇರುವುದಿಲ್ಲ. ಯಾವುದನ್ನೂ ನಿರ್ಧರಿಸಲಾಗದೆ ಅವಳು ಬಿಳಿ ಸೀರೆಯುಟ್ಟು ಹುಬ್ಬತಲೈಗೆ ಹೋದಳು.

ಅಂಗಳದ ಮಂಚದ ಮೇಲೆ ದೊಡ್ಡವ್ವೆಯನ್ನು ಮಲಗಿಸಿದ್ದರು. ಒಂದು ಕಡೆ ವಾದ್ಯ, ಸುತ್ತ ಹೆಂಗಸರು. ಕಾಲಿಟ್ಟ ಕೂಡಲೇ ಶುರುವಾಯಿತು.

"ಅವ್ವೆ ಎಲ್ಲಿ?"

"ಕಾಶಿಯಲ್ಲಿ."

"ಕಾಶಿ ಏನು ಚಂದ್ರಲೋಕವಾ? ವಿಮಾನ ಇಲ್ಲೆಯಾ?"

"ಸಿಗಲಿಲ್ಲವಂತೆ."

ಹತ್ತು ಜನ ಕೇಳಿದರು, ಹತ್ತು ಜನಕ್ಕೂ ಅದೇ ಹೇಳಿದಳು. ಪ್ರತಿ ಸಲವೂ ಉತ್ತರ ಇನ್ನಷ್ಟು ಸೊರಗುತ್ತ ಹೋಯಿತು. ಕೊನೆಗೆ ಅವ್ವೆಯ ಸೋದರತ್ತೆಯ ಮಗಳು ರಂಗಿ, ಎಂಬತ್ತು ದಾಟಿದ ಮುದುಕಿ, ಜನನಿಯ ಗಲ್ಲ ಹಿಡಿದು ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು.

"ಅಯ್ಯೋ ಎನ್ನ ಕೂಸೇ, ಅವಳೂ ಹೋದಳಾ?"

ಜನನಿಗೆ ಅರ್ಥವೇ ಆಗಲಿಲ್ಲ. ಅಷ್ಟರಲ್ಲಿ ರಂಗಿ ಎದೆ ಬಡಿದುಕೊಂಡು ನಂಜಿಯ ಹೆಸರಿನ ಜತೆಗೆ ರಾಜಾಮಣಿಯ ಹೆಸರನ್ನೂ ಸೇರಿಸಿ ಅಳತೊಡಗಿದ್ದಳು. ಪಕ್ಕದವಳು ಎತ್ತಿಕೊಂಡಳು, ಅವಳ ಪಕ್ಕದವಳು ಎತ್ತಿಕೊಂಡಳು. ಅವರ ಲೆಕ್ಕ ಸರಿಯಾಗಿಯೇ ಇತ್ತು: ರಾಜಾಮಣಿ ಸಾವಿಗೆ ಬಂದಿಲ್ಲ, ಬದುಕಿದ್ದರೆ ಬಾರದವಳಲ್ಲ, ಅಂದಮೇಲೆ ಕಾಶಿಯಲ್ಲಿ ಅವಳೂ ತೀರಿಕೊಂಡಿದ್ದಾಳೆ, ಮಗಳು ಮುಚ್ಚಿಡುತ್ತಿದ್ದಾಳೆ. ಐದು ನಿಮಿಷದಲ್ಲಿ ಅಂಗಳದ ತುಂಬ ಇಬ್ಬರ ಸಾವಿನ ಅಳು ತುಂಬಿತು. ಯಾರೋ ಆಗಲೇ ಫೋನ್ ತೆಗೆದು ಬೇರೆ ಹಟ್ಟಿಗಳಿಗೆ ಸುದ್ದಿ ಮುಟ್ಟಿಸುತ್ತಿದ್ದರು. ಹೆಂಗಸರು ಒಬ್ಬೊಬ್ಬರಾಗಿ ಬಂದು ಜನನಿಯನ್ನು ತಬ್ಬಿ ಅತ್ತರು. ಅವ್ವೆ ಸತ್ತಿಲ್ಲವೆಂದರೆ ಎಲ್ಲಿದ್ದಾಳೆಂದೂ ಹೇಳಬೇಕಾಗುತ್ತಿತ್ತು.

ನಂಜಿಯ ಮಗ ಸುಧಾಕರನ್ ಗುಂಪು ಸರಿಸಿಕೊಂಡು ಬಂದ. "ಚಿಕ್ಕವ್ವೆ ಯಾವಾಗ ಹೋದಳು? ನಮಗೆ ಹೇಳದಷ್ಟು ಬೇರೆಯವರಾದೆವಾ?" ಎಂದ. ಅವನ ಕಣ್ಣು ಕೆಂಪಾಗಿದ್ದವು.

"ಅವ್ವೆ ಸತ್ತಿಲ್ಲ ಅಣ್ಣ. ಪೆರುವಿನಲ್ಲಿದ್ದಾಳೆ."

"ಎಲ್ಲಿ?"

"ಪೆರು. ಸಮುದ್ರದಾಚೆ. ಒಬ್ಬಳೇ ಊರು ನೋಡೋಕೆ ಹೋಗಿದ್ದಾಳೆ."

ಅಳು ಪಟ್ಟನೆ ನಿಂತಿತು. ವಾದ್ಯದವರೂ ಕೈ ತಡೆದರು. ರಾಜಾಮಣಿ ಸತ್ತಳೆಂದಾಗ ಅತ್ತವರಿಗೆ ಅವಳು ಊರು ನೋಡಲು ಹೋಗಿದ್ದಾಳೆಂಬುದು ಸಾವಿಗಿಂತ ದೊಡ್ಡ ಪೆಟ್ಟಾಯಿತು. ಬಾಯಿಗೆ ಸೆರಗು ಹಿಡಿದವರು ಹಿಡಿದಂತೆಯೇ ಇದ್ದರು.

"ಅದು ಗೂಡಲೂರಿನಿಂದ ಆಚೆಯಾ?" ಎಂದಳು ರಂಗಿ.

ಯಾರೂ ನಗಲಿಲ್ಲ. ಸುಧಾಕರನ್ ಕೈ ಚಾಚಿದ. "ಫೋನ್ ಹಾಕು. ಕಣ್ಣಾರೆ ನೋಡಬೇಕು."

ಗಂಟೆ ನಾಲ್ಕಾಗಿತ್ತು; ಅಲ್ಲಿ ಆಗತಾನೆ ಬೆಳಕು ಹರಿಯುವ ಹೊತ್ತು. ಜನನಿ ವಿಡಿಯೋ ಕಾಲ್ ಹಾಕಿದಳು. ಕೊಟ್ಟ ಮಾತನ್ನು ಇಡೀ ಹಟ್ಟಿಯ ಮುಂದೆ ಮುರಿಯುತ್ತಿದ್ದಳು. ರಾಜಾಮಣಿ ತಕ್ಷಣ ಎತ್ತಿದಳು. ಟೋಪಿ ಇರಲಿಲ್ಲ, ಕೂದಲು ಕೆದರಿತ್ತು, ಕಣ್ಣು ಊದಿಕೊಂಡಿದ್ದವು. ಮಗಳ ಹಿಂದಿನ ಬಿಳಿ ಬಟ್ಟೆಗಳನ್ನು ನೋಡಿದಳು.

"ಅಕ್ಕ ಹೋದಳು, ಅಲ್ಲವಾ" ಎಂದಳು. "ನಿನ್ನೆ ಎರಡು ಸಲ ಅವಳಿಗೆ ಫೋನ್ ಮಾಡಿದೆ. ಅಕ್ಕ ಎತ್ತಲಿಲ್ಲೆ. ಆಗಲೇ ಗೊತ್ತಾಯಿತು."

"ನೀ ದೊಡ್ಡವ್ವೆ ಹತ್ತಿರ ಮಾತಾಡುತ್ತಿದ್ದೆಯಾ?"

"ದಿನಾ. ಅವಳಿಗೊಬ್ಬಳಿಗೇ ಹೇಳಿ ಬಂದದ್ದು. ಹೋಗಿಲ್ಲ ಅಂದರೆ ನಿನ್ನ ಮುಖ ನೋಡೋದಿಲ್ಲೆ ಅಂದಳು. ನಾ ಸತ್ತರೆ ತಿರುಗಿ ಬರಬೇಡ, ನನ್ನ ಪಾಲಿನದ್ದೂ ಸೇರಿಸಿ ನೋಡು ಅಂದಳು."

ಸುಧಾಕರನ್ ಗೋಡೆಗೆ ಒರಗಿದ. "ಕರಿ ಆಲೂಗಡ್ಡೆ" ಎಂದ, ಯಾರಿಗೆಂದಿಲ್ಲದೆ. ಸುತ್ತಲಿನವರು ಅವನತ್ತ ತಿರುಗಿದರು. "ಹದಿನೈದು ದಿನದಿಂದ ನಮ್ಮವ್ವೆ ಅದನ್ನೇ ಹೇಳುತ್ತಿದ್ದಳು. ಒಳಗೂ ಹೊರಗೂ ಕರಿ ಇರೋ ಆಲೂಗಡ್ಡೆ, ಉದ್ದ ಕುತ್ತಿಗೆಯ ಕುರಿ, ಮೋಡದ ಮೇಲೆ ಹೋಗೋ ಬಸ್ಸು. ಜ್ವರ ತಲೆಗೇರಿದೆ ಅಂತ ನಾವು ಡಾಕ್ಟರನ್ನು ಕರೆಸಿದೆವು. ಮಾತ್ರೆ ಜಾಸ್ತಿ ಮಾಡಿಸಿದೆವು."

ತಾಯಿ ಕೊನೆಯ ದಿನಗಳಲ್ಲಿ ತಂಗಿಯ ಫೋನಿನಲ್ಲಿ ನೋಡಿದ್ದನ್ನೆಲ್ಲ ಇವರು ಹುಚ್ಚೆಂದು ಬಾಯಿ ಮುಚ್ಚಿಸಿದ್ದರು. ಜನನಿ ಅವನ ತೋಳು ಹಿಡಿದುಕೊಂಡಳು, ಅವಳ ಕಣ್ಣೂ ತುಂಬಿತ್ತು.

"ಸುಧಾಕರ, ಫೋನು ಅಕ್ಕನ ಹತ್ತಿರ ಹಿಡಿ" ಎಂದಳು ರಾಜಾಮಣಿ.

ಅವನು ಮಂಚದ ಬಳಿ ಮಂಡಿಯೂರಿ ಹಿಡಿದ. ಬಡಗರಲ್ಲಿ ಕಿರಿಯರು ಹಿರಿಯರೆದುರು ತಲೆ ಬಾಗಿಸುತ್ತಾರೆ. ಹಿರಿಯರು ಆ ತಲೆ ಮುಟ್ಟಿ ಹರಸುವ ತನಕ ಎತ್ತುವುದಿಲ್ಲ. ಅಷ್ಟು ದೂರದ ಮಂಚದಲ್ಲಿ, ಮಲಗಿದ್ದ ಪರದೇಶಿಗಳ ನಡುವೆ ರಾಜಾಮಣಿ ತಲೆ ಬಾಗಿಸಿದಳು. ಫೋನಿನ ತುಂಬ ನರೆತ ಬೈತಲೆಯೊಂದೇ ಕಾಣುತ್ತಿತ್ತು. ಮುಟ್ಟಬೇಕಾದ ಕೈ ಮಂಚದ ಮೇಲೆ ಮಡಿಚಿಕೊಂಡು ತಣ್ಣಗಿತ್ತು. ರಾಜಾಮಣಿ ತಲೆ ಎತ್ತಲಿಲ್ಲ. ಅಂಗಳದಲ್ಲಿ ಯಾರೂ ಮುಂದೆ ಬರಲಿಲ್ಲ. ಈ ಹಟ್ಟಿ ಅವ್ವೆಯನ್ನು ಹೀಗೇ ಬಿಟ್ಟುಬಿಡುತ್ತದೆ, ಮುಗಿಯಿತು ಎಂದುಕೊಂಡಳು ಜನನಿ.

ರಂಗಿ ಎದ್ದಳು. ಸೊಂಟ ಹಿಡಿದುಕೊಂಡು, ಎರಡು ಹೆಂಗಸರ ಹೆಗಲು ಊರಿಕೊಂಡು ಬಂದು, ಆಗಷ್ಟೇ ಸತ್ತಳೆಂದು ತಾನೇ ಅತ್ತಿದ್ದ ರಾಜಾಮಣಿಯ ತಲೆಯ ಮೇಲೆ, ಫೋನಿನ ಗಾಜಿನ ಮೇಲೆ, ಅಂಗೈ ಇಟ್ಟಳು.

"ಬದುಕು. ಒಳ್ಳಂಗೆ ಬದುಕು" ಎಂದಳು. "ಪೂರಾ ನೋಡಿಕೊಂಡೇ ಬಾ. ಇಬ್ಬರ ಪಾಲಿನದ್ದೂ."

ಆ ಒರಟು ಅಂಗೈಯ ಭಾರಕ್ಕೆ ಫೋನು ಕಟ್ಟಾಯಿತು. ಮತ್ತೆ ಮಾಡು ಎಂದು ಯಾರೂ ಹೇಳಲಿಲ್ಲ. ವಾದ್ಯ ಶುರುವಾಯಿತು, ಗಂಡಸರು ಬಂದು ನಂಜಿಯ ಮಂಚಕ್ಕೆ ಹೆಗಲು ಕೊಟ್ಟರು.