ಎರಡು ಟಿಕೆಟ್ಟುಗಳ ನಡುವೆ

ಟಕ್ ಟಕ್ ಅಂತ ಒಂದಾದ ಮೇಲೊಂದು ಬೆಲ್ಟು ಬಿಚ್ಚುವ ಸದ್ದು, ವಿಮಾನ ನೆಲ ಮುಟ್ಟಿ ಎಷ್ಟೋ ಹೊತ್ತಾಯಿತು, ಬಾಗಿಲು ಮಾತ್ರ ತೆಗೆದಿಲ್ಲ, ಎಲ್ಲರೂ ಎದ್ದು ಕತ್ತು ಬಗ್ಗಿಸಿಕೊಂಡು ನಿಂತಿದ್ದಾರೆ, ನಿಂತರೆ ಬೇಗ ತೆಗೆಯುತ್ತಾರೇನೋ ಎನ್ನುವ ಹಾಗೆ, ನಾನು ಕೂತೇ ಇದ್ದೇನೆ, ಕಾಲುಗಳ ನಡುವೆ ನೀಲಿ ಪೆಟ್ಟಿಗೆ, ಎರಡು ಮೊಣಕಾಲಿನಿಂದ ಒತ್ತಿ ಹಿಡಿದು ಹಿಡಿದು ತೊಡೆ ನೋಯುತ್ತಿದೆ, ಪಕ್ಕದ ಸೀಟಿನ ದಪ್ಪ ಕನ್ನಡಕದವರು ಆಗಲೇ ಕೇಳಿದ್ದರು, ಏನಮ್ಮ ಅಷ್ಟು ಜೋಪಾನ, ಒಳಗೇನು ಮೀನಾ, ಕೇಳಿ ತಾವೇ ನಕ್ಕರು, ಹೌದು ಸ್ವಾಮಿ ಮೀನು, ಅಂದೆ, ಇನ್ನೇನು ಹೇಳಲಿ, ಒಬ್ಬ ಗಂಡಸಿನ ಮೂಳೆಯೊಳಗಿಂದ ತೆಗೆದ ಮಜ್ಜೆ ಅಂತ ಹೇಳಿದರೆ ತಿಂದ ಬ್ರೆಡ್ಡು ಅವರ ಗಂಟಲಲ್ಲೇ ಉಳಿಯುತ್ತಿತ್ತು — ಅವನು ಯಾರೋ, ಅದು ಸೇರಬೇಕಾದ ಹುಡುಗಿ ಯಾರೋ, ನನಗೆ ಹೇಳುವುದಿಲ್ಲ, ನಾನು ಬರೀ ಒಯ್ಯುವವಳು, ಜೀವಮಾನವಿಡೀ ಅಂಚೆ ಹಂಚಿದೆ, ಒಂದು ಕಾಗದ ಕಳೆದವಳಲ್ಲ, ನಿವೃತ್ತಿಯಾದ ಮೇಲೆ ಮನೆಯಲ್ಲಿ ಕೂತರೆ ಕಾಲು ಜೋಮು ಹಿಡಿಯುತ್ತೆ ಅಂತ ಈ ಮಜ್ಜೆ ಸಂಸ್ಥೆಗೆ ಸೇರಿದೆ, ತಂಗಿ ಬೈದಳು, ಅಕ್ಕಾ, ಕಾಲಿಗೆ ಚಕ್ರ ಕಟ್ಕೊಂಡು ಹುಟ್ಟಿದೀಯ ನೀನು, ಸ್ವಲ್ಪ ದಿನ ತೆಪ್ಪಗೆ ಬಿದ್ದಿರಬಾರದಾ — ಬಾಗಿಲು ತೆಗೆಯಿರೋ ಪುಣ್ಯಾತ್ಮರೇ, ಮುಂದಿನ ವಿಮಾನ ಹೋಗಿಬಿಡುತ್ತದೆ.

ಹೋಗಿಬಿಡುತ್ತದೆ, ಅದು ಕಾಯುವುದಿಲ್ಲ, ಯಾಕೆ ಕಾಯಬೇಕು, ಅದು ಬೇರೆ ಕಂಪನಿ, ಬೇರೆ ಟಿಕೆಟ್ಟು, ನಾನು ಈ ವಿಮಾನದಲ್ಲಿ ಸಿಕ್ಕಿಕೊಂಡು ಬೇಯುತ್ತಿದ್ದೇನೆ ಅಂತ ಅದಕ್ಕೆ ಗೊತ್ತೇ ಇಲ್ಲ, ಸಂಸ್ಥೆಯವರು ಮೊದಲು ತೆಗೆದಿದ್ದು ಒಂದೇ ಟಿಕೆಟ್ಟು, ಇನ್ನೊಂದು ಊರಿನ ಮೇಲೆ ಹೋಗುವಂಥದ್ದು, ಹೊರಡುವ ನಿಲ್ದಾಣಕ್ಕೂ ಅಲ್ಲಿಯ ನಿಲ್ದಾಣಕ್ಕೂ ಪೆಟ್ಟಿಗೆಯ ವಿಷಯ ತಿಳಿಸಿಟ್ಟಿದ್ದರು, ಬೆಳಿಗ್ಗೆ ಹೋಗಿ ನೋಡಿದರೆ ಆ ವಿಮಾನವೇ ರದ್ದು, ಕೌಂಟರಿನವನು ನಾಳೆ ಮಧ್ಯಾಹ್ನ ಕಳಿಸ್ತೀವಿ ಮೇಡಂ ಅಂದ, ನಾಳೆ ಮಧ್ಯಾಹ್ನ! ಈ ಮಜ್ಜೆಗೆ ಜೀವ ಇರುವುದೇ ನಾಳೆ ಬೆಳಗಿನ ತನಕ, ಆಗ ನಾನೇ ಫೋನಿನಲ್ಲಿ ಹುಡುಕಿದೆ, ಇಲ್ಲಿಂದ ಅಲ್ಲಿಗೆ ಒಂದು, ಅಲ್ಲಿಂದ ಮುಂದಕ್ಕೆ ಇನ್ನೊಂದು, ಹೊಲಿಗೆ ಹಾಕಿದ ಹಾಗೆ ಕೂಡಿಸಿದೆ, ಸಂಸ್ಥೆಯ ಹುಡುಗಿಗೆ ಫೋನ್ ಮಾಡಿದೆ, ಅವಳಿಗೆ ನಾನಿಟ್ಟ ಹೆಸರು ಆಯ್ತಮ್ಮ, ಏನು ಹೇಳಿದರೂ ಆಯ್ತಮ್ಮ ಅನ್ನುತ್ತಾಳೆ, ಇವತ್ತು ಮಾತ್ರ ಅನ್ನಲಿಲ್ಲ, ಎರಡೂ ಬೇರೆ ಬೇರೆ ಟಿಕೆಟ್ ಅಲ್ವಾ ಅಮ್ಮ, ಮೊದಲನೇದು ತಡ ಆದ್ರೆ ಎರಡನೇ ಕಂಪನಿಯವರು ನಿಮ್ಮ ಮುಖಾನೂ ನೋಡಲ್ಲ, ಮಧ್ಯದಲ್ಲಿ ಹೊರಗೆ ಬಂದು ಮತ್ತೆ ಮೊದಲಿಂದ ಒಳಗೆ ಹೋಗ್ಬೇಕು, ನಾನು ನಕ್ಕುಬಿಟ್ಟೆ, ನಡುವೆ ಬೇಕಾದಷ್ಟು ಹೊತ್ತಿದೆ ಕಣೇ, ನಾನೇನು ಕುಂಟುತ್ತೀನಾ, ಅವಳು ಕೊನೆಗೆ ಆಯ್ತಮ್ಮ ಅಂದಳು, ಆ ಆಯ್ತಮ್ಮ ಈಗ ಕಿವಿಯಲ್ಲಿ ಕೂತಿದೆ. ಅದಕ್ಕೂ ಮೊದಲು ನಿನ್ನೆ ಆ ಹುಡುಗಿ ಇರುವ ಆಸ್ಪತ್ರೆಯ ನರ್ಸಮ್ಮ ಮಾತಾಡಿದ್ದರು, ಪೆಟ್ಟಿಗೆ ಹಿಡಿದು ಯಾವ ಬಾಗಿಲಲ್ಲಿ ಬರಬೇಕು ಅಂತ ಹೇಳುವುದಕ್ಕೆ, ಹೇಳಬಾರದ್ದನ್ನೂ ಹೇಳಿದರು ಪಾಪ, ನಮ್ಮ ಹುಡುಗಿ ಮೈಯಲ್ಲಿ ಅವಳದೇ ಮಜ್ಜೆ ಅಂತ ಏನೂ ಉಳಿಸಿಲ್ಲ ಅಮ್ಮ, ಔಷಧಿ ಕೊಟ್ಟು ಪೂರಾ ಖಾಲಿ ಮಾಡಿದ್ದೀವಿ, ಈಗ ಒಂದು ನೆಗಡಿ ಬಂದರೂ ತಡೆಯಲ್ಲ, ಗಾಜಿನ ಕೋಣೆಯಲ್ಲಿ ಕೂತು ಫೋನಲ್ಲಿ ವಿಮಾನದ ನಕ್ಷೆ ನೋಡ್ತಿದಾಳೆ, ನೀವು ಬರೋದು ಯಾವುದು ಅಂತ ಕೇಳ್ತಿದಾಳೆ — ಯಾವುದು ಅಂತ ಹೇಳಲಿ ಮಗಳೇ, ಒಂದು ರದ್ದಾಯಿತು, ಒಂದು ನಿಂತಲ್ಲೇ ನಿಂತಿದೆ, ಇನ್ನೊಂದು ನನ್ನ ಬಿಟ್ಟು ಹೊರಡುತ್ತಿದೆ, ಭಯವಾಗುತ್ತಿದೆ ನನಗೆ, ಬಾಯಿ ಬಿಟ್ಟೇ ಹೇಳುತ್ತೇನೆ, ಭಯವಾಗುತ್ತಿದೆ.

ಬಾಗಿಲು ತೆಗೆದರು, ಜಾಗ ಬಿಡಿ, ಸ್ವಲ್ಪ ಜಾಗ ಬಿಡಿ, ಮೀನು ಹೋಗಲಿ ಬಿಡ್ರಪ್ಪ ಅಂತ ದಪ್ಪ ಕನ್ನಡಕದವರೇ ದಾರಿ ಮಾಡಿಕೊಟ್ಟರು, ಮೆಟ್ಟಿಲು, ಬಸ್ಸು, ಬಸ್ಸು ತುಂಬುವ ತನಕ ಹೊರಡದು, ಒಬ್ಬಳು ಮಗುವಿನ ಶೂ ಕಟ್ಟುತ್ತಾ ನಿಂತಿದ್ದಾಳೆ, ಕಟ್ಟಮ್ಮ ತಾಯಿ, ಬಸ್ಸಲ್ಲೇ ಕಟ್ಟು, ಆಮೇಲೆ ಪಾಸ್‌ಪೋರ್ಟಿನ ಸಾಲು, ಠಸ್ಸೆ ಹೊಡೆಯುವವನು ಯಾಕೆ ಬಂದಿರಿ ಅಂತ ಕೇಳುತ್ತಾನೆ, ಹೋಗೋದಕ್ಕೆ ಬಂದಿದ್ದೀನಪ್ಪಾ ಅಂದೆ, ಅವನು ನಗಲಿಲ್ಲ, ಹೊರಗೆ ಬಂದು ಮತ್ತೆ ಮೇಲೆ, ಎಸ್ಕಲೇಟರ್ ಕೆಟ್ಟಿದೆ, ಪೆಟ್ಟಿಗೆ ಎದೆಗೊತ್ತಿಕೊಂಡು ಹತ್ತಿದೆ, ಒಲೆಯಿಂದ ತುಂಬಿದ ಪಾತ್ರೆ ಇಳಿಸುವ ಹಾಗೆ ಹುಷಾರಾಗಿ, ಎರಡನೇ ಕಂಪನಿಯ ಕೌಂಟರಿನಲ್ಲಿ ಹುಡುಗಿ ದೀಪ ಆರಿಸುತ್ತಿದ್ದಳು, ಮುಗೀತು ಮೇಡಂ, ಮುಚ್ಚಿದೀವಿ, ನನ್ನ ಮೊದಲ ವಿಮಾನ ತಡವಾಯಿತು ಕಣಮ್ಮ, ಅದು ನಮ್ಮದಲ್ವಲ್ಲ ಮೇಡಂ, ಅವರನ್ನ ಕೇಳಿ, ಇದರಲ್ಲೊಂದು ಜೀವ ಇದೆ ಅಂದೆ, ಆ ಮಾತಿಗೆ ಅವಳ ಕೈ ನಿಂತಿತು, ಪೆಟ್ಟಿಗೆ ನೋಡಿದಳು, ನನ್ನ ಮುಖ ನೋಡಿದಳು, ಪಾಸು ಹೊಡೆದುಕೊಟ್ಟಳು, ಓಡಿ, ಗೇಟು ದೂರ ಇದೆ, ಅವರು ಕಾಯಲ್ಲ, ನಿನ್ನ ಹೊಟ್ಟೆ ತಣ್ಣಗಿರಲಿ ಕಣೇ, ಓಡಿದೆ, ಉಸಿರು ಕತ್ತಿಗೆ ಬಂತು, ತಪಾಸಣೆಯ ಸಾಲು ಹಾವಿನ ಹಾಗೆ ಸುತ್ತಿಕೊಂಡು ಬಿದ್ದಿದೆ, ಕೈ ಮುಗಿದೆ, ಬೇಡಿದೆ, ಜನ ಒಳ್ಳೆಯವರು, ಬಿಟ್ಟರು, ಒಬ್ಬ ಮಾತ್ರ ಎಲ್ಲರಿಗೂ ಅರ್ಜೆಂಟೇ ಅಂತ ಗೊಣಗಿದ, ಅವನಿಗೂ ಕೈ ಮುಗಿದೆ, ಮುಂದೆ ಯಂತ್ರ, ಅದರ ಬಾಯಿಗೆ ಕಪ್ಪು ರಬ್ಬರ್ ಪಟ್ಟಿಗಳು ಇಳಿಬಿದ್ದಿವೆ, ಟ್ರೇ ಹೋದಾಗ ಎದ್ದು ದಾರಿ ಬಿಡುತ್ತವೆ, ಹೋದ ಮೇಲೆ ಪಟಪಟ ಬೀಳುತ್ತವೆ.

ಪೆಟ್ಟಿಗೆ ಹಾಕಿ, ಅಂದಳು ಸಮವಸ್ತ್ರದವಳು, ಇದನ್ನ ಇದರೊಳಗೆ ಹಾಕಬಾರದಮ್ಮ, ಎಕ್ಸ್-ರೇ ತಾಗಬಾರದು, ಇಗೋ ಪತ್ರ, ಕೈಯಲ್ಲೇ ತೆಗೆದು ನೋಡು, ಅವಳು ಓದಿದಳು, ನಿಧಾನ, ಬೆರಳಿಟ್ಟು ಓದಿದಳು, ಈ ಪತ್ರ ಬೇರೆ ಊರಿನ ನಿಲ್ದಾಣಕ್ಕೆ ಬರೆದದ್ದು, ವಿಮಾನದ ನಂಬರೂ ಬೇರೆ, ನಮಗೆ ಯಾರೂ ಏನೂ ಹೇಳಿಲ್ಲ, ನಿಜ, ಯಾರು ಹೇಳಬೇಕಿತ್ತು, ಹಳೆಯ ಟಿಕೆಟ್ಟಿನ ಜೊತೆಗೇ ಆ ಪತ್ರ ಸತ್ತಿತ್ತು, ಹೊಲಿಗೆ ಹಾಕಿದವಳು ನಾನು, ಆ ತೂತು ನನಗೆ ಕಾಣಲಿಲ್ಲ, ನಮ್ಮ ಸಾಹೇಬರು ಒಪ್ಪಬೇಕು, ಆಚೆ ಕಟ್ಟಡದಲ್ಲಿದಾರೆ, ಬರ್ತಾರೆ, ಎಷ್ಟು ಹೊತ್ತು, ಬರ್ತಾರೆ, ಕಾಯ್ತೀರಾ ಹಾಕ್ತೀರಾ, ಹಿಂದಿನವರು ನೂಕುತ್ತಿದ್ದಾರೆ, ಮೇಲಿನ ಸ್ಪೀಕರಿನಲ್ಲಿ ನನ್ನ ಹೆಸರನ್ನು ಮುರಿದು ಮುರಿದು ಕರೆಯುತ್ತಿದ್ದಾರೆ, ಕೊನೆಯ ಕರೆ, ಆಯ್ತಮ್ಮನಿಗೆ ಫೋನ್ ಮಾಡಿದೆ, ಹಾಕಬೇಡಿ ಅಮ್ಮ, ಹಾಕಲೇಬೇಡಿ, ಅಲ್ಲ ತಡೀರಿ, ಡಾಕ್ಟರನ್ನ ಕೇಳ್ತೀನಿ, ತಡೀರಿ, ಫೋನು ಕಿವಿಗೊತ್ತಿ ಹಿಡಿದಿದ್ದೇನೆ, ಟ್ರೇಗಳು ಹೋಗುತ್ತಿವೆ, ಪಟ್ಟಿಗಳು ಏಳುತ್ತಿವೆ ಬೀಳುತ್ತಿವೆ, ಸಾಹೇಬರಿಗೆ ಕಾದರೆ ವಿಮಾನ ಹೋಗುತ್ತದೆ, ನಾಳೆಯ ತನಕ ಬೇರೆ ಇಲ್ಲ, ಮಜ್ಜೆ ಈ ಪೆಟ್ಟಿಗೆಯಲ್ಲೇ ಸಾಯುತ್ತದೆ, ಅವಳಂತೂ ಖಾಲಿ ಕೂತಿದ್ದಾಳೆ, ಹಾಕಿದರೆ ಏನಾಗುತ್ತದೆ, ತರಬೇತಿಯಲ್ಲಿ ಹಾಕಬೇಡಿ ಅಂತ ಮಾತ್ರ ಹೇಳಿಕೊಟ್ಟರು, ಏನಾಗುತ್ತದೆ ಅಂತ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ, ಏನೂ ಆಗದೆ ಇರಬಹುದು, ಅರ್ಧ ಸಾಯಬಹುದು, ಅರ್ಧ ಸತ್ತದ್ದನ್ನು ಅವಳ ಮೈಯೊಳಗೆ ಬಿಡಬಹುದು, ಯಾರಿಗೂ ತಿಳಿಯದ ಹಾಗೆ, ನನಗೊಬ್ಬಳಿಗೆ ತಿಳಿದಿರುವ ಹಾಗೆ — ಹೇಳು, ಇಷ್ಟು ವರ್ಷ ಊರವರ ಸಾವಿನ ಸುದ್ದಿಯನ್ನೆಲ್ಲ ಬಾಗಿಲಿಗೆ ಮುಟ್ಟಿಸಿದವಳೇ, ಈಗ ಹೇಳು, ಕಾದರೆ ಸಾವು ಖಂಡಿತ, ಹಾಕಿದರೆ ಬಹುಶಃ, ಖಂಡಿತಕ್ಕಿಂತ ಬಹುಶಃ ದೊಡ್ಡದು, ಹಾಕುತ್ತೇನೆ, ಅಂದೆ.

ಇಟ್ಟೆ, ಬೆಲ್ಟು ಎಳೆದುಕೊಂಡಿತು, ಬೆರಳು ಹಿಡಿಯ ಮೇಲೇ ಇತ್ತು, ಸ್ವಲ್ಪ ದೂರ ನಾನೂ ಪಕ್ಕದಲ್ಲಿ ನಡೆದೆ, ಕೈ ತೆಗೀರಿ, ತೆಗೆದೆ, ಪಟ್ಟಿಗಳು ಎದ್ದವು, ನೀಲಿ ಒಳಗೆ ಹೋಯಿತು, ಪಟ್ಟಿಗಳು ಬಿದ್ದವು, ಆಚೆ ಕಡೆ ಓಡಿ ನಿಂತೆ, ಒಂದು ನಿಮಿಷದ ಮಾತು, ಬಂದ ತಕ್ಷಣ ಎತ್ತಿಕೊಂಡು ಓಡುವುದು, ಗೇಟಿನಲ್ಲಿ ಬೇಡಿಕೊಳ್ಳುವುದು, ಬಂತು, ಯಾರದೋ ಶೂ ಬಂತು, ಯಾರದೋ ಕೋಟು ಬಂತು, ಆಮೇಲೆ ಬೆಲ್ಟು ನಿಂತಿತು, ಪರದೆಯ ಮುಂದೆ ಕೂತವನು ಮುಖ ಹತ್ತಿರ ತಂದ, ಹುಬ್ಬು ಗಂಟಿಕ್ಕಿದ, ಏನೋ ಒತ್ತಿದ, ಇನ್ನೊಮ್ಮೆ ಒತ್ತಿದ, ಇದೇನಿದು ದ್ರವ, ಇಷ್ಟೊಂದು, ಸಾಹೇಬರನ್ನ ಕರೀರಿ, ಅಂದ, ಅವರು ಬರೋ ತನಕ ಯಾರೂ ಮುಟ್ಟಬೇಡಿ, ಹಾಗೇ ಒಳಗಿರಲಿ, ಕೈಯಲ್ಲಿ ಫೋನು ಅಮ್ಮಾ ಅಮ್ಮಾ ಅನ್ನುತ್ತಿದೆ, ಡಾಕ್ಟರ್ ಸಿಕ್ಕಿದ್ರು, ಕೇಳಿಸ್ತಿದೆಯಾ, ಕೇಳಿಸುತ್ತಿದೆ ಕಣೇ, ಸ್ಪೀಕರು ನನ್ನ ಹೆಸರು ಕರೆಯುವುದನ್ನು ನಿಲ್ಲಿಸಿದ್ದೂ ಕೇಳಿಸುತ್ತಿದೆ, ಎಕ್ಸ್-ರೇಯೂ ತಾಗಿತು, ವಿಮಾನವೂ ಹೋಯಿತು, ಪೆಟ್ಟಿಗೆ ಒಳಗಿದೆ, ಮುಂದಕ್ಕೂ ಇಲ್ಲ ಹಿಂದಕ್ಕೂ ಇಲ್ಲ, ಯಂತ್ರ ಇನ್ನೂ ಗುಂಯ್‌ಗುಡುತ್ತಿದೆ, ಪಟ್ಟಿಗಳು, ಕಪ್ಪು ಪಟ್ಟಿಗಳು, ಏಳಲಿ, ಒಂದು ಸಲ ಏಳಲಿ, ಅಲುಗುತ್ತಿಲ್ಲ, ಕಪ್ಪು ರಬ್ಬರ್ ಪಟ್ಟಿಗಳು ನೇರ ಇಳಿಬಿದ್ದಿವೆ, ಅಲುಗುತ್ತಿಲ್ಲ