ದೌಲತರಾಯರ ನಾಲ್ಕನೆಯ ವಕೀಲ

ಆಳಂದದ ಕೋರ್ಟಿನಲ್ಲಿ ಆಗ ಮೂವರು ವಕೀಲರಿದ್ದರು. ಮೂವರನ್ನೂ ಹೈದರಾಬಾದಿಗೆ ಕಳಿಸಿ ಕಾಯ್ದೆ ಓದಿಸಿದವರು ದೌಲತರಾಯ ದೇಶಮುಖರು. ಊಟ, ವಸತಿ, ಫೀಸು, ಕೊನೆಗೆ ಕರಿ ಕೋಟಿನ ಹೊಲಿಗೆ ಕೂಲಿ ಕೂಡ ಅವರದೇ. ಜನ ಅದನ್ನು ದೇಶಮುಖರ ವಜೀಫಾ ಎಂದು ಕರೆದು, ಬಡವರ ಮಕ್ಕಳಿಗೆ ದಾರಿ ತೋರಿದ ಧರ್ಮಾತ್ಮ ಎಂದು ಕೈಮುಗಿಯುತ್ತಿದ್ದರು. ಧರ್ಮಾತ್ಮನಂತೆ ಧರ್ಮಾತ್ಮ. ಕುರಿ ಕೊಬ್ಬಿದಷ್ಟೂ ಕುರುಬನಿಗೆ ಲಾಭ ಅನ್ನುವುದು ಈ ಜನಕ್ಕೆ ಗೊತ್ತಿಲ್ಲದ ಗಾದೆಯೇನಲ್ಲ.

ಆ ವಜೀಫಾಕ್ಕೊಂದು ಕರಾರುಪತ್ರವಿತ್ತು. ಓದಿ ಬಂದವನು ಸಾಯುವತನಕ ದೇಶಮುಖರ ವಿರುದ್ಧ ಯಾರ ವಕಾಲತ್ತನ್ನೂ ಹಿಡಿಯಕೂಡದು. ಹಿಡಿದರೆ ಓದಿಸಿದ ಅಷ್ಟೂ ಹಣವನ್ನು ಬಡ್ಡಿ ಸಮೇತ ಅದೇ ದಿನ ಕಕ್ಕಬೇಕು. ನನಗೆ ಹೇಗೆ ಗೊತ್ತು ಅಂದರೆ, ಮೂರೂ ಪತ್ರಗಳನ್ನು ಉರ್ದುವಿನಲ್ಲಿ ಬರೆದವನು ನಾನೇ. ನಾನು ದೇವಿಂದ್ರಪ್ಪ, ಕೋರ್ಟಿನ ಮುಂದೆ ಚಾಪೆ ಹಾಸಿಕೊಂಡು ಅರ್ಜಿ ಬರೆಯುವವನು. ಬರೆದೆ, ಕೂಲಿ ತೆಗೆದುಕೊಂಡೆ, ಬಾಯಿ ಮುಚ್ಚಿಕೊಂಡಿದ್ದೆ.

ನಲವತ್ತೇಳರಲ್ಲಿ ಬಿಳಿಜೋಳದ ಬಿತ್ತಿಗೆಯ ಹೊತ್ತಿಗೆ ಖಜೂರಿಯ ಶಿವಕಾಂತಾ ನನ್ನ ಚಾಪೆಯ ಮುಂದೆ ಬಂದು ಕೂತಳು. ಗಂಡ ಸತ್ತು ಎರಡು ವರ್ಷವಾಗಿತ್ತು. ಇದ್ದದ್ದು ಒಂದೇ ಹೊಲ, ಒಬ್ಬನೇ ಮಗ. ಆ ಹೊಲಕ್ಕೆ ದೇಶಮುಖರ ಆಳುಗಳು ಕೂರಿಗೆ ಇಳಿಸಿದ್ದರು. ಕೇಳಿದರೆ, ನಿನ್ನ ಗಂಡ ಬದುಕಿದ್ದಾಗಲೇ ಧಣಿಗೆ ಮಾರಿದ್ದಾನೆ ಎಂದರಂತೆ. ನಾನು ದಾವೆಯ ಅರ್ಜಿ ಬರೆದುಕೊಟ್ಟು, ಇನ್ನು ಒಬ್ಬ ವಕೀಲರನ್ನು ಹಿಡಿ ತಂಗಿ ಎಂದು ಕಳಿಸಿದೆ. ಯಾರನ್ನು ಹಿಡಿದರೂ ಅಷ್ಟೇ ಎಂದು ಮಾತ್ರ ಹೇಳಲಿಲ್ಲ.

ಮೊದಲನೆಯ ವಕೀಲ, ಹೆಣ್ಣುಮಗಳು ಕೋರ್ಟು ಹತ್ತುವುದು ಚೆಂದವಲ್ಲ, ರಾಜಿ ಮಾಡಿಕೋ ಎಂದ. ಎರಡನೆಯವನಿಗೆ ಗಂಟಲು ಕೆಟ್ಟಿತ್ತು. ಅದೇ ವಾರ ಅವನು ಜಿಡಗಾ ಮಠದಲ್ಲಿ ದಾನದ ಮಹಿಮೆಯ ಮೇಲೆ ಒಂದು ತಾಸು ಭಾಷಣ ಬಿಗಿದದ್ದನ್ನು ನಾನೇ ಕೂತು ಕೇಳಿದ್ದೇನೆ. ಮೂರನೆಯವನು ಬಸವಂತರಾಯ, ಸ್ವಲ್ಪ ಮಾನ ಇದ್ದವನು. ತಲೆ ತಗ್ಗಿಸಿ, "ಉಂಡ ಮನೀಗಿ ಎರಡು ಬಗೀಬಾರದಲ್ಲವ್ವಾ," ಅಂದ.

"ನೀವು ಉಂಡದ್ದು ಖರೇ ಅದರಿ," ಅಂದಳಂತೆ ಶಿವಕಾಂತಾ. "ನಾ ಇನ್ನ ಮುಂದ ಏನ್ ಉಣಬೇಕ್ರಿ?"

ಬಸವಂತರಾಯ ಅರ್ಜಿಯನ್ನು ಮಡಚಿ ಅವಳ ಕೈಗೇ ವಾಪಸು ಕೊಟ್ಟನಂತೆ. ಅವಳು ವಕೀಲನಿಲ್ಲದೆ ತಾನೇ ಹೋಗಿ ದಾವೆ ಹಾಕಿದಳು.

ಅಷ್ಟರಲ್ಲಿ ನಲವತ್ತೆಂಟು ಬಂತು. ನಿಜಾಮನ ಪರವಾದ ರಜಾಕಾರರ ಹಾವಳಿಗೆ ಪ್ರತಿಭಟನೆ ಎಂದು ವಕೀಲರು ಕೋರ್ಟಿಗೆ ಹೋಗುವುದನ್ನೇ ಬಿಟ್ಟರು. ಗುಲ್ಬರ್ಗಾದಲ್ಲೂ ಬಿಟ್ಟರು, ನಮ್ಮ ಮೂವರೂ ಬಿಟ್ಟರು. ಬೇರೆ ಕಡೆ ಅದು ನಿಜವಾದ ತ್ಯಾಗವೇ ಇದ್ದೀತು, ಜೈಲಿಗೆ ಹೋದವರಿದ್ದಾರೆ. ನಮ್ಮವರು ಮಾತ್ರ ಹಾರ ಹಾಕಿಸಿಕೊಂಡು, ಕಟ್ಟೆಯ ಮೇಲೆ ಕೂತು ಎಲೆಯಡಿಕೆ ಹಾಕುತ್ತ, ದೇಶಕ್ಕಾಗಿ ಗಳಿಕೆ ಬಿಟ್ಟೆವು ಎಂದು ಹೋಗಿಬರುವವರಿಗೆಲ್ಲ ಹೇಳುತ್ತಿದ್ದರು. ಒಬ್ಬ ವಿಧವೆಗಾಗಿ ಒಂದು ಸಹಿ ಹಾಕಲಾರದವರು ದೇಶಕ್ಕೇನು ಬಿಟ್ಟಾರು, ಮಣ್ಣು.

ಆದರೆ ಈ ಬಹಿಷ್ಕಾರದಿಂದ ದೇಶಮುಖರಿಗೂ ವಕೀಲನಿಲ್ಲದಂತಾಯಿತು. ತಾರೀಖು ಹತ್ತಿರ ಬಂದಿತ್ತು, ಮುನ್ಸಿಫರ ಮುಂದೆ ತಾವೇ ನಿಂತು ಮಾತಾಡಬೇಕಿತ್ತು. ಮೂವರು ವಕೀಲರನ್ನು ಸಾಕಿದ ಮನುಷ್ಯ ಕೋರ್ಟಿನಲ್ಲಿ ಬಾಯಿ ತೆರೆದವರೇ ಅಲ್ಲ. ಹೆದರಿಕೊಂಡು ನನಗೂ ಶಿವಕಾಂತಾಳಿಗೂ ಹೇಳಿಕಳಿಸಿದರು.

ದೇಶಮುಖರ ಮನೆಗೆ, ಆ ದೊಡ್ಡ ವಾಡೆಗೆ ಹೋದೆ. ಶಿವಕಾಂತಾ ಮಗ ಹಣಮಂತ್ರಾಯನನ್ನು ಕರೆದುಕೊಂಡು ಬಂದಿದ್ದಳು. ಹುಡುಗ ಗುಲ್ಬರ್ಗಾದಲ್ಲಿ ಇಂಟರ್ ಮುಗಿಸಿ ಮನೆಯಲ್ಲಿದ್ದ. ಕಾಯ್ದೆ ಓದಬೇಕೆಂಬ ಹುಚ್ಚು ಅವನಿಗೆ. ಕೋರ್ಟಿನ ಕಿಟಕಿಗೆ ಮುಖ ಒತ್ತಿಕೊಂಡು ವಾದ ಕೇಳುತ್ತ ನಿಲ್ಲುತ್ತಿದ್ದವನನ್ನು ನಾನೇ ಎಷ್ಟೋ ಸಲ ಗದರಿಸಿ ಓಡಿಸಿದ್ದೆ.

"ಶಾಣ್ಯಾ ಇದ್ದಾನ ನಿನ್ನ ಮಗ," ಅಂದರು ದೇಶಮುಖರು, ನಗು ತಂದುಕೊಂಡು. "ಹೈದರಾಬಾದಿಗಿ ನಾ ಕಳಸ್ತೇನಿ. ವಕೀಲ ಆಗ್ಲಿ. ನೀ ಆ ದಾವೆ ಹಿಂದ ತಗೊಂಡ್ರ ಆತು. ದೇವಿಂದ್ರಪ್ಪಾ, ಕಾಗದ ಬರೀ."

ಬರೆದೆ. ನಾಲ್ಕನೆಯ ಸಲ, ಬಾಯಿಪಾಠ ಬರುತ್ತಿತ್ತು. ಹಣಮಂತ್ರಾಯ ಎರಡೆರಡು ಸಲ ಓದಿದ. ಹೈದರಾಬಾದು ಎಂಬ ಹೆಸರಿನ ಮೇಲೆ ಬೆರಳಾಡಿಸಿದ. ಅವ್ವನ ಮುಖ ನೋಡಿದ.

"ನನ್ನ ಮಾರಿ ನೋಡಬ್ಯಾಡ," ಅಂದಳು ಅವಳು. "ನಿನಗ ಓದೂದು ಬೇಕಂದ್ರ ಸಹಿ ಮಾಡು. ನಾ ಬ್ಯಾಡ ಅನ್ನಂಗಿಲ್ಲ. ಹೊಲ ಹೋದ್ರೂ ಕೂಲಿ ಮಾಡ್ತೇನಿ."

ಹುಡುಗ ಲೆಕ್ಕಣಿಕೆ ತೆಗೆದುಕೊಂಡ. ಮಸಿಯಲ್ಲಿ ಅದ್ದಿದ. ಆಮೇಲೆ ನನ್ನ ಕಡೆ ತಿರುಗಿ ಕೇಳಿದ: "ಕಾಕಾ, ಆ ಮೂವರು ವಕೀಲರೂ ಇಂಥಾ ಕಾಗದಕ್ಕೇ ಸಹಿ ಹಾಕ್ಯಾರೇನ್ರಿ?"

ದೇಶಮುಖರು ನನ್ನನ್ನೇ ನೋಡುತ್ತಿದ್ದರು. ನನ್ನ ವರ್ಷದ ಅರ್ಧ ಗಳಿಕೆ ಆ ವಾಡೆಯದು. ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಯಾಕೋ ಏನೋ, "ಹೌದಪ್ಪಾ," ಅಂದುಬಿಟ್ಟೆ.

ಶಿವಕಾಂತಾ ಸರಕ್ಕನೆ ನನ್ನ ಕಡೆ ತಿರುಗಿದಳು. ಹುಡುಗ ಲೆಕ್ಕಣಿಕೆ ಕೆಳಗಿಟ್ಟ.

"ಅಂದ್ರ ನಾ ಓದಿ ಬಂದ ಮ್ಯಾಲ, ನಮ್ಮವ್ವನಂಥಾಕಿ ಬಂದ್ರ ನಾನೂ ಗಂಟಲ ಕೆಟ್ಟದ ಅಂತ ಹೇಳಬೇಕಾಗ್ತದ," ಅಂದ. "ಬ್ಯಾಡ್ರಿ ಧಣಿ." ಹೇಳುವಾಗ ಅವನ ಕಣ್ಣಲ್ಲಿ ನೀರಿತ್ತು. ಬೇಕಾದದ್ದನ್ನು ಬೇಡ ಅನ್ನುವುದು ಸುಲಭವಲ್ಲ.

ತಾರೀಖಿನ ದಿನ ಕೋರ್ಟು ತುಂಬಿತ್ತು. ಶಿವಕಾಂತಾ ತನ್ನ ಹೊಲದ ನಾಲ್ಕೂ ದಿಕ್ಕಿನವರ ಹೆಸರು, ಬದುವಿನ ಮೇಲಿನ ಬನ್ನಿಗಿಡ, ಗಂಡ ತೀರಿಕೊಂಡ ದಿನ ಎಲ್ಲವನ್ನೂ ತಡವರಿಸದೆ ಹೇಳಿದಳು. ಮುನ್ಸಿಫರು ದೇಶಮುಖರನ್ನು ಕೇಳಿದರು: ಆ ಹೊಲದ ಮೂಡಲಿಗೆ ಯಾರ ಹೊಲ? ಅವರು ವಕೀಲರ ಬೆಂಚಿನ ಕಡೆ ತಿರುಗಿದರು. ಅಲ್ಲಿ ಯಾರೂ ಇರಲಿಲ್ಲ. "ನಮ್ಮ ವಕೀಲ್ ಸಾಹೇಬ್ರಿಗಿ ಗೊತ್ತದರಿ," ಅಂದರು. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಹೊಲ ಕೊಂಡದ್ದು ಯಾವಾಗ ಎಂದು ಕೇಳಿದ್ದಕ್ಕೆ ಒಂದು ವರ್ಷ, ಒಂದು ತಿಂಗಳು ಹೇಳಿದರು. ಅವರೇ ಹಾಜರು ಮಾಡಿದ ಖರೀದಿ ಕಾಗದದಲ್ಲಿ ಬೇರೆ ತಿಂಗಳಿತ್ತು. ಅವರು ಬಾಯಿಂದ ಹೇಳಿದ ತಿಂಗಳಿನಲ್ಲಂತೂ ಶಿವಕಾಂತಾಳ ಗಂಡ ಮಣ್ಣಾಗಿ ಬಹಳ ದಿನವಾಗಿತ್ತು. ಹೊಲ ಅವಳಿಗೆ ಬಂತು.

ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆ ಮುಗಿದು, ನಮ್ಮ ಮೂವರು ತ್ಯಾಗಿಗಳೂ ಕೋಟು ಜಾಡಿಸಿಕೊಂಡು ಕೋರ್ಟಿಗೆ ಮರಳಿದರು. ಆ ದಿನಗಳಲ್ಲೇ ಶಿವಕಾಂತಾ ಮತ್ತೆ ನನ್ನ ಚಾಪೆಯ ಮುಂದೆ ಬಂದು ಕೂತಳು. ವಾಡೆಯಲ್ಲಿ ಅಂದು ನಿಜ ಹೇಳಿದ್ದಕ್ಕೆ ಎರಡು ಒಳ್ಳೆಯ ಮಾತಾಡಲು ಬಂದಿದ್ದಾಳೆ ಎಂದುಕೊಂಡು ಬೀಗಿದೆ. ಆ ಒಂದು ಮಾತಿನಿಂದ ದೇಶಮುಖರ ಕೆಲಸ ನನಗೆ ಅಂದೇ ತಪ್ಪಿಹೋಗಿತ್ತು.

"ನಾ ಮೂರು ಮನಿ ಬಾಗಲಾ ತಿರುಗಿ ಬಂದೆ," ಅಂದಳು. "ನಿಮಗ ಮೊದಲೇ ಗೊತ್ತಿತ್ತು. ಒಂದು ಮಾತು ಹೇಳಬಾರದಾಗಿತ್ತೇನ್ರಿ ಅಣ್ಣಾ?"

ವಕೀಲರನ್ನು ಬೈದುಕೊಂಡಷ್ಟು ಸುಲಭವಾಗಿ ನನ್ನನ್ನು ನಾನು ಬೈದುಕೊಂಡಿರಲಿಲ್ಲ.

"ಈಗ ಬರೀರಿ," ಅಂದಳು. "ಹುಡುಗನ ಓದಿಗಿ ಸರಕಾರದ ಸಾಲ ಬೇಕು. ಬಡ್ಡಿ ಇಲ್ಲದ ಸಾಲ ಕೊಡ್ತಾರಂತ."

ಕೊಡುತ್ತಿದ್ದರು, ಆದರೆ ಜಾಮೀನು ಬೇಕಿತ್ತು. ತೀರಿಸದಿದ್ದರೆ ಜಾಮೀನು ನಿಂತವನ ಮನೆ ಹರಾಜು. ಅರ್ಜಿ ಬರೆದು ಮುಗಿಸಿ, ಜಾಮೀನು ಯಾರು ಎಂದು ಕೇಳಿದೆ.

"ನೀವು," ಅಂದಳು.

ಬೇಡಿಕೊಳ್ಳುವ ದನಿಯಲ್ಲ ಅದು. ನಾನು ನನ್ನ ಹೆಸರು ಬರೆದು ಸಹಿ ಹಾಕಿದೆ. ಅರ್ಜಿಯ ಕೂಲಿಯನ್ನು ಅವಳು ಕೊಡಲಿಲ್ಲ, ನಾನೂ ಕೇಳಲಿಲ್ಲ.